ಹಟ್ಟಿಯ ಚಿನ್ನ, ಸಿಂಧನೂರಿನ ಸವಳು, ಕಂಪ್ಯೂಟರಿನ ಭಾಷೆ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ನೆಲದಡಿ ಚಿನ್ನ ಎಲ್ಲ ಕಡೆ ಒಂದೇ ಸಮ ಇಲ್ಲ. ಅಲ್ಲಲ್ಲಿ ಕೊರೆದು ತೆಗೆದ ಮಾದರಿಗಳನ್ನು ನೋಡಿ, ಕೊರೆಯದ ಜಾಗದಲ್ಲಿ ಎಷ್ಟಿದ್ದೀತು ಎಂದು ಅಂದಾಜಿಸಬೇಕು. ಬರೀ ಸರಾಸರಿ ನಂಬಿದರೆ, ಸಮೃದ್ಧ ಎಂದುಕೊಂಡ ಭಾಗ ಅಗೆದಾಗ ಅಷ್ಟು ಸಮೃದ್ಧವಾಗಿರುವುದಿಲ್ಲ. ದಕ್ಷಿಣ ಆಫ್ರಿಕಾದ ಗಣಿಗಳ ಲೆಕ್ಕದಲ್ಲಿ ಇದನ್ನು 1951ರಲ್ಲಿ ತೋರಿಸಿದವರು ಎಂಜಿನಿಯರ್ ಡ್ಯಾನಿ ಕ್ರೀಗ. ಫ್ರಾನ್ಸಿನ ಜಾರ್ಜ್ ಮಾತರೋನ್ ಅದಕ್ಕೆ ಗಣಿತದ ಬುನಾದಿ ಹಾಕಿದರು. ಸುತ್ತಲಿನ ಮಾದರಿಗಳಿಗೆ ತಕ್ಕ ತೂಕ ಕೊಟ್ಟು ಅಂದಾಜಿಸುವ ಈ ವಿಧಾನಕ್ಕೆ ಕ್ರೀಗರಿಂದಾಗಿ ‘ಕ್ರಿಗಿಂಗ್’ ಎಂಬ ಹೆಸರು ನಿಂತಿತು. ಯಾವ ಮಾದರಿಗೆ ಎಷ್ಟು ತೂಕ ಕೊಡಬೇಕೆಂಬುದು ಸಮೀಕರಣಗಳನ್ನು ಬಿಡಿಸಿದ ಮೇಲೆ ಗೊತ್ತಾಗುತ್ತದೆ. ಮಾದರಿಗಳು ಇಮ್ಮಡಿಯಾದರೆ ಬಿಡಿಸುವ ಕೆಲಸ ಸುಮಾರು ಎಂಟು ಪಟ್ಟು. ಇದು ಕಂಪ್ಯೂಟರಿಗೇ ಸೇರಿದ ಕೆಲಸ.

ಅದರ ಪ್ರೋಗ್ರಾಮನ್ನು ಯಾವ ಭಾಷೆಯಲ್ಲಿ ಬರೆಯುವುದು? ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡು 1992ರಲ್ಲಿ ಪುಸ್ತಕದೊಡನೆ ಬಂದ ಜಿಎಸ್‌ಲಿಬ್ ಎಂಬ ಕ್ರಿಗಿಂಗ್ ತಂತ್ರಾಂಶ ಫೋರ್ಟ್ರಾನ್‌ನಲ್ಲಿತ್ತು. 1957ರಲ್ಲಿ ಐಬಿಎಂ ಹೊರತಂದ ಆ ಭಾಷೆ ಇಂದಿಗೂ ಲೆಕ್ಕದಲ್ಲಿ ಬಲು ಚುರುಕು. ಪೈಥಾನ್‌ನಲ್ಲಿ ಒಂದೊಂದೇ ಸಂಖ್ಯೆಯನ್ನು ಲೂಪ್‌ನಲ್ಲಿ ಸುತ್ತಿಸಿದರೆ ತಡವಾಗುತ್ತದೆ, ನಿಜ. ಆದರೆ ಇಡೀ ಮ್ಯಾಟ್ರಿಕ್ಸನ್ನು ಪೈಥಾನ್‌ನ ಗಣಿತ ಲೈಬ್ರರಿ ನಮ್‌ಪೈಗೆ ಒಪ್ಪಿಸಿದಾಗ ಒಳಗೆ ದುಡಿಯುವುದು ಫೋರ್ಟ್ರಾನ್ ಪರಂಪರೆಯ ಲ್ಯಾಪ್ಯಾಕ್ ಲೈಬ್ರರಿ. ಹೀಗಿರುವಾಗ ಎರಡರಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ಹೆಚ್ಚು ಅರ್ಥ ಉಳಿಯುವುದಿಲ್ಲ.

ನಮ್ಮ ಕಡೆಯ ವಿದ್ಯಾರ್ಥಿಗೆ ನಾನು ಹೇಳುವುದು ಪೈಥಾನ್. ಮ್ಯಾಟ್‌ಲ್ಯಾಬ್ ಒಳ್ಳೆಯ ಸಾಧನವೇ, ಆದರೆ ಕಾಲೇಜಿನ ಲೈಸೆನ್ಸ್ ಮುಗಿದ ದಿನ ಕಲಿತದ್ದು ಕೈಗೆ ಸಿಗದಂತಾಗುತ್ತದೆ. 2012ರಲ್ಲಿ ಬಂದ ಜೂಲಿಯಾ ವೇಗವನ್ನೂ ಸರಳತೆಯನ್ನೂ ಒಟ್ಟಿಗೆ ಕೊಡುತ್ತದೆ; ಆದರೆ ತೊಡಕು ಬಂದರೆ ಊರಲ್ಲಿ ಕೇಳಲು ಜನ ಕಡಿಮೆ. ಮಣ್ಣಿನ ನಕ್ಷೆ, ಸಂಖ್ಯಾಶಾಸ್ತ್ರವೇ ಮುಖ್ಯವಾದವರು ‘ಆರ್’ ಹಿಡಿದರೂ ಸರಿ. ನಾವು ಬರೆದ ಲೆಕ್ಕವನ್ನು ಇನ್ನೊಬ್ಬರು ಖರ್ಚಿಲ್ಲದೆ ಓದಿ, ಮತ್ತೆ ಓಡಿಸಿ, ತಪ್ಪು ಹಿಡಿಯುವಂತಿರಬೇಕು. ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಅಳತೆ ನನಗೆ ಕಾಣದು.

ಮತ್ತೆ ಚಿನ್ನದ ಮಾತಿಗೆ ಬರೋಣ. ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರಿಗೆ. ಚಿನ್ನದ ಹಿಂದೆ ಹೋದವರಿಂದ ಚರಿತ್ರೆಗೆ ಲಾಭವಾಯಿತು. ಚಿನ್ನಕ್ಕಾಗಿ ಹುಟ್ಟಿದ ಗಣಿತದಿಂದ ಹೊಲಕ್ಕೂ ಲಾಭವಾಗಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು ಸೀಮೆಯಲ್ಲಿ ಸವಳು-ಜವಳು ಭೂಮಿಯ ಕಷ್ಟ ರೈತರಿಗೆ ಗೊತ್ತು. ಕೆಲವೇ ಹೊಲಗಳ ಮಣ್ಣು ಪರೀಕ್ಷೆಯಿಂದ ನಡುವಿನ ಹೊಲಗಳ ಸವಳು ಅಂದಾಜಿಸಲು ಬೇಕಾದದ್ದು ಇದೇ ಕ್ರಿಗಿಂಗ್.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಾಲೇಜು ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟು: ಬ್ಯಾಂಕ್ ಬಡ್ಡಿ ಲೆಕ್ಕದ ಪ್ರೋಗ್ರಾಮಿಗೇ ಪ್ರಯೋಗಾಲಯದ ಪಾಠ ಮುಗಿಸಬೇಡಿ. ಈ ವರ್ಷ ಮಕ್ಕಳಿಂದ ಅವರವರ ಊರಿನ ಹೊಲದ ಮಣ್ಣು, ಬೋರಿನ ನೀರಿನ ಮಟ್ಟ ಅಳೆಸಿ, ಆ ಅಂಕಿಗಳನ್ನು ಪೈಥಾನ್‌ಗೆ ಕೊಡಿಸಿ.