ಬೀಗ ಜಡಿಯಲು ಮಾಲೀಕನಿಗೆ ಹಕ್ಕು ಕೊಟ್ಟವರು ಯಾರು?



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಯಾದರೂ ರೂಮು ಹುಡುಕಿ ನೋಡಿ. ಮಾತುಕತೆಯೆಲ್ಲ ಅಚ್ಚಕನ್ನಡ, ಬಾಡಿಗೆ ಕರಾರು ಮಾತ್ರ ಇಂಗ್ಲಿಷು! ನಾನು ಪ್ರೆಸ್ಸಿನವನು, ಅದನ್ನು ಟೈಪು ಮಾಡಿದ ಪಾಪ ನನ್ನ ಕೈಗೂ ಅಂಟಿದೆ. ಹಳೆಯ ಫೈಲು ತೆಗೆದು ಹೆಸರು, ಅಡ್ವಾನ್ಸು ಬದಲಿಸಿದರೆ ಮುಗಿಯಿತು. ಬರೆಸುವ ಮಾಲೀಕನೂ ಓದುವುದಿಲ್ಲ, ಸಹಿ ಹಾಕುವ ಹುಡುಗನೂ ಓದುವುದಿಲ್ಲ. 'ಮಾಲೀಕರು ಹೇಳಿದ ತಕ್ಷಣ ಖಾಲಿ ಮಾಡತಕ್ಕದ್ದು' ಎಂಬ ಸಾಲು ಒಳಗೆ ತಣ್ಣಗೆ ಕೂತಿರುತ್ತದೆ.

ಒಂದು ದಿನ ಅದನ್ನೇ ತೋರಿಸಿ ಬೀಗ ಜಡಿಯುತ್ತಾರೆ. ಇಲ್ಲವೇ ಫ್ಯೂಸು ಕಿತ್ತು, ನೀರು ನಿಲ್ಲಿಸುತ್ತಾರೆ. ಠಾಣೆಗೆ ಹೋದರೆ 'ಇದು ಸಿವಿಲ್ ಮ್ಯಾಟರ್ ಕಣಯ್ಯಾ' ಎಂಬ ಉತ್ತರ.

ಸಿವಿಲ್ಲೇ ಆಗಲಿ ಸ್ವಾಮಿ, ಹಾಗಿದ್ದರೆ ಮಾಲೀಕ ಸಿವಿಲ್ ಕೋರ್ಟಿಗೆ ಹೋಗಲಿ! ಕರಾರು ಮುಗಿದಿರಲಿ, ಬಾಡಿಗೆ ಬಾಕಿಯಿರಲಿ, ನೆಲೆಯೂರಿ ವಾಸವಿರುವವನನ್ನು ಕಾನೂನಿನ ದಾರಿಯಲ್ಲದೆ ಹೊರದಬ್ಬುವಂತಿಲ್ಲವೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯವನಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸು ಕೊಡಬೇಕು. ಹದಿನಾರನೇ ದಿನ ಪಾತ್ರೆ ಬೀದಿಗೆಸೆಯಿರಿ ಎಂದಲ್ಲ. ನೋಟಿಸಾದ ಮೇಲೆ ದಾವೆ, ದಾವೆಯಾದ ಮೇಲೆ ಡಿಕ್ರಿ.

ಬಲವಂತವಾಗಿ ಹೊರಹಾಕಿದರೇ? 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹೂಡಿ. ಮನೆ ಯಾರದೆಂಬ ತಕರಾರಿಗೆ ಇಳಿಯದೆ ಕೋರ್ಟು ಸ್ವಾಧೀನ ಮರಳಿ ಕೊಡಿಸಬಹುದು. ಆದರೆ ಆರು ತಿಂಗಳೊಳಗೆ ಹೋಗಬೇಕು. 'ಊರಿನ ಹಿರಿಯರು ಪಂಚಾಯ್ತಿ ಮಾಡ್ತಾರೆ' ಎಂದು ಕಾಯುತ್ತಾ ಕೂತವರು ಕೆಟ್ಟದ್ದು ಇಲ್ಲಿಯೇ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಾಪಾಡುತ್ತದೆಂದು ಬೀಗಬೇಡಿ. ಪಟ್ಟಿಯ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸದು. 14 ಚದರ ಮೀಟರು ಮೀರಿದ ಅಂಗಡಿಗೂ ಇಲ್ಲ. ಆ ದುಡ್ಡಿಗೆ ಈಗ ದನದ ಕೊಟ್ಟಿಗೆ ಸಿಕ್ಕೀತು!

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೋರ್ಡುಗಳಲ್ಲಿ ಶೇ. 60 ಕನ್ನಡಕ್ಕಾಗಿ ನಮ್ಮವರು ಬೀದಿಗಿಳಿದರು, ಲಾಠಿಗೂ ಹೆದರಲಿಲ್ಲ. ಒಳ್ಳೆಯದೇ. ಆದರೆ ಬೋರ್ಡಿನ ಹಿಂದಿನ ಬೀರುವಿನಲ್ಲಿರುವ ಕರಾರು ಯಾರ ಕಣ್ಣಿಗೂ ಬೀಳಲಿಲ್ಲ. ಹುಡುಗನ ತಲೆಯ ಮೇಲಿನ ಸೂರು ನಿಂತಿರುವುದು ಆ ಕಾಗದದ ಮೇಲೆ. ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿ, ಬಾಡಿಗೆಗೆ ರಸೀದಿ ಕೇಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಉಚಿತ. ಫೋನು 15100.

ನನ್ನ ಪ್ರೆಸ್ಸಿನಲ್ಲಿ ಈಗ ಕನ್ನಡದ ಮಾದರಿಯೇ ಇದೆ. ಇಂಗ್ಲಿಷಿನದೇ ಬೇಕೆಂದು ಹಠ ಹಿಡಿಯುವ ಮಾಲೀಕರಿಗೆ ಪಕ್ಕದ ಅಂಗಡಿ ತೋರಿಸುತ್ತೇನೆ.