ಧರ್ಮದ ಘೋಷಣೆ, ಕಂದಾಯದ ಕಿಚ್ಚು

2019ರ ವಾಯುದಾಳಿಯ ನಂತರ ಬಾಲಾಕೋಟದ ಹೆಸರು ನಮ್ಮ ಬೆನ್ಸನ್ ಟೌನಿನ ಸಂಜೆಯ ಹರಟೆಗೂ ಬಂದಿದೆ. ಅಲ್ಲಿ ಮಡಿದ ಸಯ್ಯದ್ ಅಹ್ಮದ್ ಬರೇಲ್ವಿಯವರು 1826ರಲ್ಲಿ ಸಿಖ್ ಆಳ್ವಿಕೆಯ ವಿರುದ್ಧ ಹೂಡಿದ ಜಿಹಾದಿಗೆ ಮತದ್ವೇಷವೊಂದೇ ಕಾರಣವೆಂದು ಕೆಲವರು ತೀರ್ಪು ಕೊಟ್ಟುಬಿಡುತ್ತಾರೆ. ಕಂದಾಯದ ಕಡತಗಳನ್ನು ನೋಡಿ ಬಲ್ಲ ನನಗೆ ಇದು ಅರೆಸತ್ಯ. ಆಜಾನ್, ಗೋವಧೆಗಳ ಮೇಲಿನ ನಿರ್ಬಂಧ ಮುಸ್ಲಿಮರನ್ನು ನೋಯಿಸಿದ್ದು ನಿಜ. ಆದರೆ ರಣಜಿತ್ ಸಿಂಗನ ವಿದೇಶಾಂಗ ವ್ಯವಹಾರ ನಡೆಸುತ್ತಿದ್ದವರೇ ಫಕೀರ್ ಅಜೀಜುದ್ದೀನ್. ಪೆಶಾವರದ ಸುತ್ತಿನ ಪಠಾಣರನ್ನು ಕೆರಳಿಸಿದ್ದರಲ್ಲಿ ಕಪ್ಪ ವಸೂಲಿಗೆ ಬರುತ್ತಿದ್ದ ಲಾಹೋರಿನ ಸೈನ್ಯದ ಪಾಲು ದೊಡ್ಡದು.

ಅದೇ ಕಾಲದಲ್ಲಿ, 1830–31ರಲ್ಲಿ, ಮೈಸೂರು ಸಂಸ್ಥಾನದ ನಗರ ಸೀಮೆಯ ರೈತರೂ ಕೂಟ ಕಟ್ಟಿ ದಂಗೆಯೆದ್ದರು. ಗೊತ್ತಾದ ಮೊತ್ತ ಕಟ್ಟುವ ಶರತ್ತಿಗೆ ಒಪ್ಪಿಕೊಂಡಿದ್ದ ಅಮಲ್ದಾರರ ಸುಲಿಗೆಯೇ ಅದರ ಬೇರು. ಅಲ್ಲಿ ಮೌಲ್ವಿಯ ಬದಲು ಕೆಳದಿಯ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸಪ್ಪನಿದ್ದ, ಅಷ್ಟೆ.

ಸಯ್ಯದರ ಪತನಕ್ಕೂ ದಾರಿ ಮಾಡಿದ್ದು ತೆರಿಗೆ. ಅವರ ಕಡೆಯವರು ಬೆಳೆಯ ಹತ್ತನೇ ಒಂದು ಪಾಲಿನ ‘ಉಶ್ರ್’ ವಸೂಲಿಗಿಳಿದರು, ಪಠಾಣರ ಮದುವೆಯ ಕಟ್ಟಳೆಗಳಿಗೂ ಕೈಹಾಕಿದರು. 1830ರ ಕೊನೆಗೆ ಅದೇ ಪಠಾಣರು ತಿರುಗಿಬಿದ್ದು ವಸೂಲಿಗಾರರನ್ನು ಕೊಂದರು. ನೆಲೆ ತಪ್ಪಿದ ಸಯ್ಯದರು 1831ರ ಮೇ 6ರಂದು ಬಾಲಾಕೋಟದಲ್ಲಿ ಸಿಖ್ ಸೇನೆಯಿಂದ ಹತರಾದರು.