ಜಾರ್ಜ್‌ಟೌನಿನ ಮತಪೆಟ್ಟಿಗೆ

ಅಮೆರಿಕದ ದಕ್ಷಿಣ ಭಾಗದಲ್ಲಿರುವ ಜಾರ್ಜಿಯ ರಾಜ್ಯದಲ್ಲಿ ಸೆನೆಟ್ ಸ್ಥಾನವೆಂಬುದು ಬಹುಕಾಲ ಸರದಿಯ ಸ್ವತ್ತಾಗಿತ್ತು. ಸಾಮಾನ್ಯವಾಗಿ ಮೂರು ಕೌಂಟಿಗಳು ಕೂಡಿದರೆ ಒಂದು ಕ್ಷೇತ್ರ. ಕೌಂಟಿಯೆಂದರೆ ತಾಲ್ಲೂಕನ್ನು ಹೋಲುವ ಆಡಳಿತ ವಿಭಾಗ. ಈ ಸಲ ಒಂದು ಕೌಂಟಿಯವನು ಸೆನೆಟರಾದರೆ ಮುಂದಿನ ಸಲ ಪಕ್ಕದ ಕೌಂಟಿಯವನು. ಅರ್ಚಕರ ಮನೆಗಳಲ್ಲಿ ಪೂಜೆಯ ಪಾಳಿ ತಿರುಗುವಂತೆ ಅಧಿಕಾರವೂ ತಿರುಗುತ್ತಿತ್ತು. ಅಟ್ಲಾಂಟ ನಗರವನ್ನೊಳಗೊಂಡ ಫುಲ್ಟನ್ ಕೌಂಟಿಯ ಜನಸಂಖ್ಯೆ ಐದು ಲಕ್ಷವನ್ನು ಮೀರಿದ್ದರೂ ಅದಕ್ಕೂ ಒಬ್ಬನೇ ಸೆನೆಟರ್!

1962ರ ಮಾರ್ಚಿಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಕ್ಷೇತ್ರವಿಂಗಡಣೆಯ ಅನ್ಯಾಯವನ್ನು ವಿಚಾರಿಸುವ ಅಧಿಕಾರ ನ್ಯಾಯಾಲಯಗಳಿಗುಂಟೆಂದು ತೀರ್ಪಿತ್ತಿತು. ಜಾರ್ಜಿಯದ ಹಳೆಯ ಏರ್ಪಾಡು ಕುಸಿಯಿತು. ಹೊಸ ವಿಂಗಡಣೆಯಲ್ಲಿ ಫುಲ್ಟನ್‌ಗೆ ಏಳು ಸ್ಥಾನಗಳು ದೊರೆತವು. ನೈಋತ್ಯದ ಏಳು ಹಳ್ಳಿಗಾಡಿನ ಕೌಂಟಿಗಳು ಸೇರಿ ಹದಿನಾಲ್ಕನೆಯ ಕ್ಷೇತ್ರವಾಯಿತು.

ಈ ಕ್ಷೇತ್ರದಿಂದ ಸ್ಪರ್ಧಿಸಲು ಪ್ಲೇನ್ಸ್ ಎಂಬ ಸಣ್ಣ ಊರಿನ ಕಡಲೆಕಾಯಿ ಮಂಡಿಯ ಒಡೆಯರೊಬ್ಬರು ಅಕ್ಟೋಬರ್ 1ರಂದು ನಿಶ್ಚಯಿಸಿದರು. ಅಂದು ಅವರ ಮೂವತ್ತೆಂಟನೆಯ ಹುಟ್ಟುಹಬ್ಬ. ಹೆಸರು ಜಿಮ್ಮಿ ಕಾರ್ಟರ್. ಎದುರಾಳಿ ರಿಚ್‌ಲೆಂಡಿನ ವರ್ತಕ ಹೋಮರ್ ಮೂರ್. ಆ ಕಾಲದ ಜಾರ್ಜಿಯದಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿಯಾದವನು ಗೆದ್ದಂತೆಯೇ. ಆದುದರಿಂದ ನಿಜವಾದ ಹೋರಾಟವೆಲ್ಲ ಅಕ್ಟೋಬರ್ 16ರ ಪಕ್ಷದೊಳಗಿನ ಚುನಾವಣೆಯಲ್ಲಿಯೇ.

ಅಲಬಾಮದ ಗಡಿಯಲ್ಲಿರುವ ಕ್ವಿಟ್‌ಮನ್ ಕೌಂಟಿಯ ಜನಸಂಖ್ಯೆ ಎರಡೂವರೆ ಸಾವಿರದೊಳಗೆ. ಅದರ ಮುಖ್ಯಸ್ಥಳ ಜಾರ್ಜ್‌ಟೌನಿನಲ್ಲಿ ಜೋ ಹರ್ಸ್ಟ್ ಎಂಬವನ ಮಾತೇ ಶಾಸನ. ಮತ ಹಾಕುವವರಿಗೆ ಮರೆಯೆಂಬುದೇ ಇರಲಿಲ್ಲ. ಮೂರನಿಗೆ ಮತ ಕೊಡಿರೆಂದು ಹರ್ಸ್ಟ್ ಎದುರಿಗೇ ನಿಂತು ಹೇಳುತ್ತಿದ್ದ. ಚೀಟಿಗಳು ಬೀಳುತ್ತಿದ್ದುದು ದೊಡ್ಡ ರಂಧ್ರವಿದ್ದ ರಟ್ಟಿನ ಪೆಟ್ಟಿಗೆಯೊಳಕ್ಕೆ. ವೃದ್ಧ ದಂಪತಿಗಳು ಹಾಕಿದ ಚೀಟಿಗಳನ್ನು ಆತ ಕೈಯಿಕ್ಕಿ ಹೊರಗೆಳೆದುದನ್ನು ಕಾರ್ಟರರ ಸ್ನೇಹಿತರೊಬ್ಬರು ಕಣ್ಣಾರೆ ಕಂಡರು. ರಾತ್ರಿ ಎಣಿಕೆ ಮುಗಿದಾಗ ಕಾರ್ಟರರು 139 ಮತಗಳಿಂದ ಸೋತಿದ್ದರು.

ಅವರು ಸುಮ್ಮನಾಗಲಿಲ್ಲ. 'ಅಟ್ಲಾಂಟ ಜರ್ನಲ್' ಪತ್ರಿಕೆಯ ವರದಿಗಾರ ಜಾನ್ ಪೆನಿಂಗ್‌ಟನ್ ಊರೂರು ಅಲೆದು ವಿಷಯ ಸಂಗ್ರಹಿಸಿದ. ವಕೀಲ ಚಾರ್ಲ್ಸ್ ಕರ್ಬೊ ವಾದಿಸಿದರು. ಮತ ಹಾಕಿದವರು 333 ಮಂದಿ. ಪೆಟ್ಟಿಗೆಯಲ್ಲಿದ್ದ ಚೀಟಿಗಳು 420! ದಾಖಲೆಯ ಪ್ರಕಾರ ನೂರಕ್ಕೂ ಮಿಕ್ಕ ಮತದಾರರು, ಶಾಲೆಯಲ್ಲಿ ಹಾಜರಿ ಕರೆದಂತೆ, ಅಕಾರಾದಿ ಕ್ರಮದಲ್ಲಿಯೇ ಬಂದು ಮತ ನೀಡಿದ್ದರು. ಅವರಲ್ಲಿ ಕೆಲವರು ಸೆರೆಮನೆಯಲ್ಲಿದ್ದವರು, ಕೆಲವರು ಸಮಾಧಿಯಲ್ಲಿದ್ದವರು. ನ್ಯಾಯಾಧೀಶ ಕಾರ್ಲ್ ಕ್ರೋ ಆ ಪೆಟ್ಟಿಗೆಯ ಮತಗಳನ್ನೆಲ್ಲ ತಳ್ಳಿಹಾಕಿದರು. ಕಾರ್ಟರರಿಗೆ 65 ಮತಗಳ ಗೆಲುವು. ಬಳಿಕವೂ ತಕರಾರು ನಿಲ್ಲಲಿಲ್ಲ. ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ 3,013ಕ್ಕೆ 2,182 ಮತಗಳಿಂದ ಅವರು ಗೆದ್ದ ಮೇಲೆಯೇ ವ್ಯಾಜ್ಯ ತಣ್ಣಗಾಯಿತು. ಮುಂದೆ 1977ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೇರಿದವರು ಈ ಕಡಲೆಕಾಯಿ ವ್ಯಾಪಾರಿಯೇ. ಮೂವತ್ತು ವರ್ಷಗಳ ತರುವಾಯ, 1992ರಲ್ಲಿ, ಅವರು ಈ ಪ್ರಸಂಗವನ್ನೇ ಒಂದು ಗ್ರಂಥವಾಗಿ ಬರೆದರು. ಚುನಾವಣಾ ಸಂಹಿತೆಯ ಚರ್ಚೆಯಲ್ಲಿ ಸದಸ್ಯರೊಬ್ಬರು, ಸತ್ತು ಮೂರು ವರ್ಷ ಕಳೆದವರಿಗೆ ಮತಾಧಿಕಾರವಿರಕೂಡದೆಂಬ ತಿದ್ದುಪಡಿಯನ್ನು ಸೂಚಿಸಿದರಂತೆ!

ಈ ವಿನೋದಕ್ಕೆ ನಗದವರು ಯಾರು? ಆದರೆ ಅದೇ ಹದಿನಾಲ್ಕನೆಯ ಕ್ಷೇತ್ರದಲ್ಲಿ ಟೆರೆಲ್ ಎಂಬ ಇನ್ನೊಂದು ಕೌಂಟಿಯೂ ಇತ್ತು. ಅಲ್ಲಿಯ ಜನರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಮತದಾರರ ಪಟ್ಟಿಯಲ್ಲಿ ಮಾತ್ರ ಅವರ ಹೆಸರುಗಳು ವಿರಳಾತಿವಿರಳ. ಅಕ್ಷರಪರೀಕ್ಷೆಯೆಂಬ ನೆಪದಿಂದ ತಿರಸ್ಕೃತರಾದವರಲ್ಲಿ ಶಾಲಾ ಉಪಾಧ್ಯಾಯರೂ ಇದ್ದರು! ಈ ಅನ್ಯಾಯದ ವಿರುದ್ಧ ಕೇಂದ್ರ ಸರ್ಕಾರವೇ ಹೂಡಿದ ಮೊಕದ್ದಮೆ 1960ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. 1962ರ ಸೆಪ್ಟೆಂಬರಿನಲ್ಲಿ, ಕಾರ್ಟರರ ಚುನಾವಣೆಗೆ ಒಂದು ತಿಂಗಳಿಗೆ ಮುನ್ನ, ಕಪ್ಪು ಜನರನ್ನು ಮತದಾರರನ್ನಾಗಿಸುವ ಚಳವಳಿ ನಡೆದಿದ್ದ ಅಲ್ಲಿಯ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಡಲಾಯಿತು.

ಜಾರ್ಜ್‌ಟೌನಿನ ಪೆಟ್ಟಿಗೆಯಲ್ಲಿ ಹೆಚ್ಚಾಗಿದ್ದ ಚೀಟಿಗಳನ್ನು ನ್ಯಾಯಾಧೀಶರು ಎಣಿಸಬಹುದಾಗಿತ್ತು. ಟೆರೆಲ್ಲಿನಲ್ಲಿ ಬೀಳದೆ ಹೋದ ಚೀಟಿಗಳನ್ನು ಎಣಿಸುವ ಬಗೆ ಯಾವ ನ್ಯಾಯಪೀಠಕ್ಕೂ ತಿಳಿದಿರಲಿಲ್ಲ. ಅದಕ್ಕೆ 1965ರ ಆಗಸ್ಟಿನ ಮತಾಧಿಕಾರ ಶಾಸನವೇ ಬರಬೇಕಾಯಿತು. ಆ ವೇಳೆಗೆ ಕಾರ್ಟರರು ಅದೇ ಕ್ಷೇತ್ರದ ಸೆನೆಟರಾಗಿ ಎರಡನೆಯ ಅವಧಿಯಲ್ಲಿದ್ದರು.